ತವರಿಗೆ ಹೋದವಳು

ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯವರೆಗೆ ವಾಂತಿ ಮಾಡಬಾರದು ಎಂದು ವೀರಭದ್ರಯ್ಯ ಹೆಂಡತಿಗೆ ಬಾಯಿಬಿಟ್ಟು ಹೇಳಲಿಲ್ಲ. ಆ ಹೊತ್ತಿನಲ್ಲಿ ಗಿರಾಕಿಗಳು ತುಂಬಿರುತ್ತಾರೆ, ಸ್ವಲ್ಪ ನೋಡಿಕೋ ಎಂದಷ್ಟೇ ಹೇಳಿದ. ಹೇಳಿ, ಒಂದು ಹಳೆಯ ಟವೆಲ್ಲನ್ನು ಮಡಚಿ ಅವಳ ದಿಂಬಿನ ಪಕ್ಕ ಇಟ್ಟುಹೋದ. ಟವೆಲ್ ಯಾತಕ್ಕೆ ಎಂದು ನೀಲಗಂಗಮ್ಮ ಕೇಳಲಿಲ್ಲ. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯುತ್ತದೆ.

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಅವರ ಖಾನಾವಳಿ. ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿದ್ದರೂ ಊರು ಅದನ್ನು ಅಯ್ನೋರ ಖಾನಾವಳಿ ಎಂದೇ ಕರೆಯುತ್ತಿತ್ತು. ಮುಂದೆ ಆರು ಬೆಂಚುಗಳ ಪಡಸಾಲೆ, ಹಿಂದೆ ಅಡುಗೆಮನೆ, ಅಡುಗೆಮನೆಗೆ ಹೊಂದಿಕೊಂಡು ಗಂಡಹೆಂಡಿರು ಮಲಗುವ ಕೋಣೆ. ಕೋಣೆಗೂ ಪಡಸಾಲೆಗೂ ನಡುವೆ ಒಂದೇ ಗೋಡೆ. ಅದೂ ತಗಡಿನ ಚಾವಣಿಯವರೆಗೆ ಮುಟ್ಟಿರಲಿಲ್ಲ, ಮೇಲೆ ಎರಡು ಗೇಣು ಖಾಲಿ ಇತ್ತು. ಆ ಸಂದಿನಿಂದ ಗಿರಾಕಿಗಳ ಮಾತು, ತಟ್ಟೆಯ ಸದ್ದು, ಬೆಳ್ಳುಳ್ಳಿ ಒಗ್ಗರಣೆಯ ಘಾಟು ಎಲ್ಲ ಕೋಣೆಗೆ ಇಳಿಯುತ್ತಿದ್ದವು.

ಇಪ್ಪತ್ತಮೂರು ವರ್ಷವೂ ಆ ಖಾನಾವಳಿ ನಡೆದದ್ದು ನೀಲಗಂಗಮ್ಮನ ಬಲಗೈಯ ಮೇಲೆ. ದಿನಕ್ಕೆ ನೂರೈವತ್ತು ರೊಟ್ಟಿ ಬಡಿಯುತ್ತಿದ್ದಳು. ಕೊಟ್ಟೂರಿನಿಂದ, ಹಡಗಲಿಯಿಂದ ಬಂದು ಬಸ್ ಬದಲಿಸುವ ಮಂದಿ ಒಂದು ಬಸ್ಸು ಬಿಟ್ಟಾದರೂ ಉಂಡು ಹೋಗುತ್ತಿದ್ದರು. ಎರಡು ಸಾವಿರದ ಎರಡನೆಯ ಇಸವಿ, ಯುಗಾದಿಯ ಮುಂಚೆ ಸ್ನಾನ ಮಾಡುವಾಗ ಬಲಗಡೆಯ ಮೊಲೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಯಾಕೆ ಡಾಕ್ಟರು ಎಂದು ನಾಲ್ಕು ತಿಂಗಳು ಸುಮ್ಮನಿದ್ದಳು. ಆಮೇಲೆ ದಾವಣಗೆರೆಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಸುಮ್ಮನಿರುವಂಥದ್ದಲ್ಲ ಎಂದರು. ಮೊಲೆ ತೆಗೆದರು. ಕಂಕುಳಿನಿಂದಲೂ ಏನೇನೋ ತೆಗೆದರು. ಒಂದು ತಿಂಗಳು ಗಾಯ ಮಾಯಲಿ, ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಆರು ಸಲ ಔಷಧಿ ಏರಿಸಬೇಕು ಎಂದರು.

ಒಬ್ಬಳೇ ಮಗಳು ಗಂಗಾಂಬಿಕಾಳನ್ನು ಹರಪನಹಳ್ಳಿಗೆ ಕೊಟ್ಟಿತ್ತು. ಆಪರೇಷನ್ ಆದಾಗ ಬಂದು ಎಂಟು ದಿನ ಇದ್ದು ಹೋದಳು. ಕೈಗೂಸಿನ ತಾಯಿ, ಆ ಔಷಧಿ ಶುರುವಾದ ಮೇಲೆ ಕೂಸನ್ನು ಕರೆದುಕೊಂಡು ಹೋಗುವುದು ಬೇಡ ಎಂದು ಅವಳ ಅತ್ತೆ ತಡೆದಳು. ರೊಟ್ಟಿ ಬಡಿಯಲು ವೀರಭದ್ರಯ್ಯನ ಅಕ್ಕ ನಾಗಲಿಂಗಮ್ಮ ಹಂಪಸಾಗರದಿಂದ ಬಂದಳು. ಗಂಡ ತೀರಿಕೊಂಡು ಮಕ್ಕಳ ಮನೆಗಳಲ್ಲಿ ತಿರುಗಾಡಿಕೊಂಡಿದ್ದವಳು, ಇಲ್ಲಿ ಒಲೆಯ ಮುಂದೆ ಕೂತ ಮೊದಲ ದಿನವೇ ಡಬ್ಬಿಗಳ ಜಾಗ ಬದಲಿಸಿದಳು.

ಮೊದಲನೆಯ ಸಲ ಔಷಧಿ ಏರಿಸಿದ ದಿನ ವೀರಭದ್ರಯ್ಯ ಹೆಂಡತಿಯ ಪಕ್ಕದಲ್ಲೇ ಇದ್ದ. ಆಪರೇಷನ್ ಆದ ಕಡೆಯ ಕೈಗೆ ಸೂಜಿ ಚುಚ್ಚಬಾರದು ಎಂದು ನರ್ಸ್ ಎಡಗೈಯಲ್ಲಿ ನರ ಹುಡುಕಿದಳು. ಕೆಂಪು ಬಣ್ಣದ ಔಷಧಿ ಇಳಿಯುವಾಗ ಬಾಯಲ್ಲಿ ಐಸು ಚೀಪುತ್ತಿರಿ, ಹುಣ್ಣು ಕಡಿಮೆಯಾಗುತ್ತದೆ ಎಂದಳು. ಅವನು ಹೊರಗೆ ಹೋಗಿ ಜ್ಯೂಸಿನ ಅಂಗಡಿಯಿಂದ ಲೋಟದಲ್ಲಿ ಐಸು ತಂದು, ಒಂದೊಂದೇ ಚೂರನ್ನು ಅವಳ ಬಾಯಿಗಿಟ್ಟ. ಅವನ ಬೆರಳು ತಣ್ಣಗಿದ್ದವು, ನಡುಗುತ್ತಿದ್ದವು. ಅವನು ಕೆಟ್ಟ ಗಂಡನಾಗಿದ್ದರೆ ಮುಂದಿನದು ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸಂಜೆ ಬಸ್ಸಿಳಿಯುವ ಹೊತ್ತಿಗೆ ವಾಂತಿ ಶುರುವಾಯಿತು. ಮೂತ್ರ ಕೆಂಪಾಗಿ ಹೋಯಿತು. ಹೋಗುತ್ತದೆ ಎಂದು ಮೊದಲೇ ಹೇಳಿದ್ದರೂ ಬಚ್ಚಲಲ್ಲಿ ಒಬ್ಬಳೇ ನಿಂತು ನೋಡಿದಾಗ ಅವಳು ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದಳು. ಮಾತ್ರೆ ನುಂಗಿದರೆ ಮಾತ್ರೆಯೇ ಮೇಲೆ ಬರುತ್ತಿತ್ತು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದಾಗ ಹಳದಿ ನೀರು ಬರುತ್ತಿತ್ತು. ಅದೂ ಮುಗಿದ ಮೇಲೆ ಬರೀ ಸದ್ದು. ಕ್ಷಣಕ್ಷಣಕ್ಕೂ ಒಗ್ಗರಣೆಯ ಘಾಟು. ತಾನೇ ಇಪ್ಪತ್ತಮೂರು ವರ್ಷ ಹಾಕಿದ ಒಗ್ಗರಣೆ. ಈಗ ಅದು ಸತ್ತ ಇಲಿಯ ವಾಸನೆಯಂತೆ ಮೂಗಿಗೆ ಬಡಿಯುತ್ತಿತ್ತು. ಅಕ್ಕನಿಗೆ ಒಂದು ವಾರ ಬೆಳ್ಳುಳ್ಳಿ ಬಿಡಲು ಹೇಳಿ ಎಂದು ಗಂಡನನ್ನು ಕೇಳಿದಳು. ಬೆಳ್ಳುಳ್ಳಿಯಿಲ್ಲದ ಸಾರು ಯಾರು ಉಣ್ಣುತ್ತಾರೆ ಎಂದು ನಾಗಲಿಂಗಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು.

ಎರಡನೆಯ ದಿನ ಟವೆಲ್ ಬಂತು. ಊಟದ ಹೊತ್ತಿನಲ್ಲಿ ನೀಲಗಂಗಮ್ಮ ಅದನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ತಡೆದಷ್ಟೂ ಕಣ್ಣಿನಲ್ಲಿ, ಮೂಗಿನಲ್ಲಿ ನೀರು ಬರುತ್ತಿತ್ತು. ತಡೆಯಲಾಗದೆ ಬಕೆಟ್ಟಿಗೆ ಬಗ್ಗಿದರೆ ಖಾಲಿ ಬಕೆಟ್ಟು ಡೊಳ್ಳಿನ ಹಾಗೆ ಸದ್ದು ಮಾಡುತ್ತಿತ್ತು. ಇದನ್ನು ಕಂಡವಳು ಪಾತ್ರೆ ತೊಳೆಯುವ ಓಬಮ್ಮ. ಅವಳ ಗಂಡ ಕುರಿ ಕಾಯುತ್ತಿದ್ದ. ಅವಳು ಹನ್ನೆರಡು ವರ್ಷದಿಂದ ಖಾನಾವಳಿಯ ಹಿತ್ತಲಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ಓಬಮ್ಮ ಒಲೆಯ ಬೂದಿ ತಂದು ಬಕೆಟ್ಟಿನ ತಳಕ್ಕೆ ನಾಲ್ಕು ಬೆರಳು ಸುರಿದಳು. ಸದ್ದು ಕಡಿಮೆಯಾಯಿತು. ಆಮೇಲೆ ದಿನಾ ಹನ್ನೆರಡು ಗಂಟೆಗೆ ಹೊಸ ಬೂದಿ ಹಾಕಿಟ್ಟು ಹೋಗುತ್ತಿದ್ದಳು.

ಆರನೆಯ ದಿನಕ್ಕೆ ವಾಂತಿ ಸ್ವಲ್ಪ ಹಿಡಿತಕ್ಕೆ ಬಂತು. ಎಂಟನೆಯ ದಿನ ಬಾಯಿ ಹುಣ್ಣಾಯಿತು. ಮಜ್ಜಿಗೆಯೂ ಖಾರವೆನಿಸಿತು; ನೀರು ಕುಡಿದರೆ ತಾಮ್ರದ ಬಿಲ್ಲೆ ನೆಕ್ಕಿದ ಹಾಗಿತ್ತು. ಜ್ವರ ಬಂದರೆ ತಡಮಾಡದೆ ಬನ್ನಿ, ಮೈಯಲ್ಲಿ ರಕ್ತದ ಕಣ ಇಳಿದಿರುತ್ತವೆ, ಜನಜಂಗುಳಿಯಲ್ಲಿ ಇರಬೇಡಿ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಮೂರು ಸಲ ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ಹುಳುವಿನ ಹಾಗೆ ಹತ್ತಿಸಬೇಕು, ಇಲ್ಲದಿದ್ದರೆ ಕೈ ಮೇಲೇಳುವುದಿಲ್ಲ ಎಂದೂ ಹೇಳಿದ್ದರು. ಆ ಗೋಡೆಯ ಮೇಲೆಯೇ ಅವಳು ಬೆರಳು ಹತ್ತಿಸುತ್ತಿದ್ದಳು. ಭುಜದ ಮಟ್ಟ ದಾಟುವಾಗ ಕಂಕುಳು ಹರಿದುಹೋದಂತೆ ಉರಿಯುತ್ತಿತ್ತು. ಆಚೆ ಯಾರೋ ಇನ್ನೊಂದು ರೊಟ್ಟಿ ಕೇಳುತ್ತಿದ್ದರು.

ಹಾಗೆ ಕೈ ಹತ್ತಿಸುತ್ತಿದ್ದಾಗಲೇ ಹನ್ನೊಂದನೆಯ ದಿನ ಅವಳು ಗಂಡನ ಮಾತು ಕೇಳಿಸಿಕೊಂಡದ್ದು. ಯಾವನೋ ಅಪರೂಪಕ್ಕೆ ಬರುವ ಗಿರಾಕಿ, ದನಿಯಿಂದ ಹಡಗಲಿ ಕಡೆಯ ಹೂವಿನ ವ್ಯಾಪಾರದವನಿರಬೇಕು, ಅಮ್ಮನವರು ಕಾಣಲಿಲ್ಲವಲ್ಲ ಎಂದ.

"ತವರಿಗೆ ಹೋಗ್ಯಾಳ್ರಿ," ಎಂದ ವೀರಭದ್ರಯ್ಯ. "ತಮ್ಮನ ಮಗನ ಲಗ್ನ ಐತಿ."

ನೀಲಗಂಗಮ್ಮನ ಬೆರಳು ಗೋಡೆಯ ಮೇಲೆ ಹಾಗೆಯೇ ನಿಂತವು. ಅವಳ ತವರು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ. ತಂದೆತಾಯಿ ತೀರಿಕೊಂಡಿದ್ದರು. ಇದ್ದೊಬ್ಬ ತಮ್ಮ ತನಗೆ ಮದುವೆಯಾಗುವ ಮುಂಚೆಯೇ ಹಾವು ಕಚ್ಚಿ ಸತ್ತು ಹನ್ನೊಂದು ವರ್ಷವಾಗಿತ್ತು. ಅವನಿಗೆ ಮಗನೂ ಇರಲಿಲ್ಲ, ಆ ಮಗನಿಗೆ ಲಗ್ನವೂ ಇರಲಿಲ್ಲ. ಮನೆ ಬಿದ್ದು ಅಲ್ಲಿ ಈಗ ಯಾರೋ ಎಮ್ಮೆ ಕಟ್ಟುತ್ತಿದ್ದರು.

ಮೂರು ಗಂಟೆಗೆ ಗಿರಾಕಿಗಳು ಹೋದ ಮೇಲೆ ವೀರಭದ್ರಯ್ಯ ತಟ್ಟೆ ಹಿಡಿದು ಕೋಣೆಗೆ ಬಂದ. ಯಾರ ಲಗ್ನ ಎಂದು ಅವಳು ಕೇಳಿದಳು. ಅವನು ಸ್ವಲ್ಪ ಹೊತ್ತು ಅನ್ನ ಕಲಸುತ್ತಲೇ ಇದ್ದ. ಏನಾದರೂ ಹೇಳಬೇಕಲ್ಲ ಎಂದ. ನಿಜವನ್ನೇ ಹೇಳಬಹುದಿತ್ತಲ್ಲ ಎಂದಳು.

"ಉಣ್ಣಾಕ ಕುಂತೋರ ಮುಂದ ಆ ಜಡ್ಡಿನ ಹೆಸರು ತಗಿಬೇಕೇನು?" ಎಂದ ಅವನು. "ಡಾಕ್ಟರೇ ಹೇಳ್ಯಾರಲ್ಲ, ಜನದಾಗ ಬರಬ್ಯಾಡ ಅಂತ."

ಡಾಕ್ಟರು ಹೇಳಿದ್ದು ಅವಳ ಮೈ ಉಳಿಯಲೆಂದು. ಇವನು ಆ ಮಾತನ್ನು ಬಾಗಿಲಿಗೆ ಚಿಲಕ ಮಾಡಿಕೊಂಡಿದ್ದ. ಇದು ಅಂಟುವ ಜಡ್ಡಲ್ಲ ಎಂದು ಅದೇ ಡಾಕ್ಟರು ಎರಡೆರಡು ಸಲ ಹೇಳಿದ್ದರು. ಅದು ಅವನಿಗೆ ನೆನಪಿರಲಿಲ್ಲ. ಬಾಯಿ ತುಂಬ ಹುಣ್ಣಿದ್ದಾಗ ಜಗಳವಾಡುವುದೂ ಸುಲಭವಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ದಿಂಬಿನ ಮೇಲೆ ಕೂದಲು ಬಿದ್ದಿತ್ತು. ಬಾಚಿದರೆ ಹಣಿಗೆಯ ಜೊತೆ ಹಿಡಿಹಿಡಿಯಾಗಿ ಬಂತು, ನೋವೇ ಇಲ್ಲದೆ. ಎರಡು ದಿನದಲ್ಲಿ ತಲೆ ಅಲ್ಲಲ್ಲಿ ಮೇಯ್ದುಬಿಟ್ಟ ಹೊಲದ ಹಾಗಾಯಿತು. ಬಾಯಿಗೆ, ಹಾಸಿಗೆಗೆ, ಕುಡಿಯುವ ನೀರಿಗೆ ಎಲ್ಲೆಲ್ಲೂ ಕೂದಲು. ಅಡುಗೆಮನೆಯ ಬಾಗಿಲಿಗೆ ಬಂದರೆ ನಾಗಲಿಂಗಮ್ಮ ಹಿಟ್ಟಿನ ಪರಾತಕ್ಕೆ ಸೆರಗು ಮುಚ್ಚತೊಡಗಿದಳು. ಒಂದೇ ಸಲ ತೆಗೆಸಿಬಿಡುತ್ತೇನೆ, ಕಟಿಂಗ್‌ನವನನ್ನು ಕರೆಸಿ ಎಂದು ನೀಲಗಂಗಮ್ಮ ಕೇಳಿದಳು. ಅವನನ್ನು ಕರೆಸಿದರೆ ಊರಿಗೆಲ್ಲ ಡಂಗುರ ಸಾರಿದಂತೆ ಎಂದ ವೀರಭದ್ರಯ್ಯ. ಗಂಡ ಬದುಕಿರುವವಳು ತಲೆ ಬೋಳಿಸಿಕೊಂಡರೆ ಮನೆಗೆ ಒಳ್ಳೆಯದಲ್ಲ, ತೆಗೆಸಲೇಬೇಕೆಂದರೆ ಹರಕೆಯ ಮುಡಿ ಕೊಟ್ಟೆ ಎಂದಾದರೂ ಹೇಳು ಎಂದಳು ನಾಗಲಿಂಗಮ್ಮ. ಮೊದಲು ಇಲ್ಲದ ಲಗ್ನ, ಈಗ ಇಲ್ಲದ ಹರಕೆ.

ಹಿತ್ತಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಓಬಮ್ಮ ಇದೆಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಬರುವಾಗ ಸೀರೆಯ ಮಡಿಲಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದಿದ್ದಳು. ಬಿಸಿನೀರಿನಲ್ಲಿ ಅದನ್ನು ತೊಳೆದು, ನೀಲಗಂಗಮ್ಮನನ್ನು ಬಚ್ಚಲ ಕಲ್ಲಿನ ಮೇಲೆ ಕೂಡಿಸಿದಳು.

"ದಿನಾ ಇಷ್ಟಿಷ್ಟ ಉದುರಿದ್ದು ನೋಡಿ ಅಳೋದಕ್ಕಿಂತ ಒಂದ ದಿನ ಅತ್ತು ಬಿಡ್ರಿ ಅಮ್ನೋರ," ಎಂದಳು.

ನೀಲಗಂಗಮ್ಮ ಅಳಲಿಲ್ಲ. ಕತ್ತರಿ ತಣ್ಣಗೆ ನೆತ್ತಿಯ ಮೇಲೆ ಓಡಾಡಿತು. ಕುರಿಯಾದರೆ ಒದೆಯುತ್ತದೆ, ನೀವು ಬಹಳ ಸುಮ್ಮನಿದ್ದೀರಿ ಎಂದು ಓಬಮ್ಮ ಹೇಳಿದಾಗ ನಗು ಬಂತು, ತುಟಿಯ ಹುಣ್ಣು ಒಡೆದು ರಕ್ತವೂ ಬಂತು. ಓಬಮ್ಮ ಕೂದಲನ್ನು ಗುಡಿಸಿ ಹಳೆಯ ಪೇಪರಿನಲ್ಲಿ ಕಟ್ಟಿಕೊಂಡು ಹೋದಳು. ಎಲ್ಲಿ ಹಾಕಿದಳೋ ಯಾರೂ ಕೇಳಲಿಲ್ಲ.

ಅವತ್ತೇ ಮಧ್ಯಾಹ್ನ, ಒಂದು ಗಂಟೆಯ ಸುಮಾರಿಗೆ, ನೀಲಗಂಗಮ್ಮ ಪಡಸಾಲೆಗೆ ಬಂದಳು. ಏನೋ ಮಾಡಿ ತೋರಿಸಬೇಕೆಂದು ಬಂದದ್ದಲ್ಲ. ಹದಿನೆಂಟು ದಿನದಲ್ಲಿ ಮೊದಲ ಸಲ ಹಸಿವಾಗಿತ್ತು. ಅಡುಗೆಮನೆಯಲ್ಲಿ ಕೇಳಿದರೆ ನಾಗಲಿಂಗಮ್ಮ, ಊಟದ ಹೊತ್ತು ಮುಗಿಯಲಿ, ಕೋಣೆಗೇ ಕಳಿಸುತ್ತೇನೆ ಎಂದಳು. ಆ ಮಾತಿಗೆ ಅವಳ ಮೈಯೆಲ್ಲ ಉರಿಯಿತು. ತಾನು ಬಡಿದ ರೊಟ್ಟಿಯಿಂದ ಎದ್ದ ಮನೆಯಲ್ಲಿ ತನಗೆ ಪಂಕ್ತಿ ಮುಗಿದ ಮೇಲೆ ಊಟ. ತಲೆಯ ಮೇಲೆ ಸೆರಗೂ ಹೊದೆಯದೆ ನೇರ ನಡೆದು, ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು, ತಟ್ಟೆ ಎಳೆದುಕೊಂಡಳು.

ಪಡಸಾಲೆಯಲ್ಲಿ ಹತ್ತುಹನ್ನೆರಡು ಮಂದಿ ಇದ್ದರು. ಹೆಚ್ಚಿನವರು ದಿನಾ ಬರುವವರೇ. ವೀರಭದ್ರಯ್ಯ ಸಾರಿನ ಬಕೆಟ್ಟು ಹಿಡಿದು ನಿಂತವನು ನಿಂತೇ ಇದ್ದ. ಈಗ ಎಲ್ಲರೂ ತಟ್ಟೆ ಬಿಟ್ಟು ಏಳುತ್ತಾರೆ ಎಂದು ನೀಲಗಂಗಮ್ಮ ಕಾದಳು. ಏಳಲೆಂದೇ ಅವಳ ಒಳಗೆ ಎಲ್ಲೋ ಆಸೆಯಿತ್ತೇನೋ. ಯಾರೂ ಏಳಲಿಲ್ಲ. ಒಂದು ಗಳಿಗೆ ಕೈ ನಿಂತವು, ಆಮೇಲೆ ಮತ್ತೆ ತುತ್ತಿನ ಕಡೆ ಹೋದವು.

ಎದುರಿಗೆ ಕೂತಿದ್ದವರು ಪಾಲಾಕ್ಷಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಒಂಬತ್ತು ವರ್ಷದಿಂದ ಎರಡು ಹೊತ್ತೂ ಇಲ್ಲೇ ಉಣ್ಣುವವರು. ಅವರು ನೀರಿನ ಲೋಟವನ್ನು ಅವಳ ಕಡೆ ಸರಿಸಿ, ತಗ್ಗಿದ ದನಿಯಲ್ಲಿ ಕೇಳಿದರು.

"ಎಷ್ಟನೇದು ಆತ್ರಿ ಅಮ್ನೋರ?"

"ಒಂದು. ಇನ್ನ ಐದು ಅದಾವ," ಎಂದಳು. ಅಂದ ಮೇಲೆ ಹೊಳೆಯಿತು. "ನಿಮಗ ಹೆಂಗ ಗೊತ್ತು ಮೇಷ್ಟ್ರ?"

ಮೇಷ್ಟ್ರು ಸುತ್ತಲೂ ನೋಡಿದರು. ಯಾರೂ ಅವರ ನೆರವಿಗೆ ಬರಲಿಲ್ಲ. "ಎಲ್ಲಾರಿಗೂ ಗೊತ್ತೈತ್ರಿ," ಎಂದರು. "ಆಪರೇಷನ್ ಆದಾಗಿಂದ ಗೊತ್ತೈತಿ."

"ಮತ್ತ ಯಾರೂ ಕೇಳಲಿಲ್ಲ."

"ಅಯ್ನೋರು ತವರಿಗೆ ಹೋಗ್ಯಾಳ ಅಂದ್ರು. ಅವರ ಮಾತು ಸುಳ್ಳು ಮಾಡಾಕ ಬರತೈತೇನ್ರಿ?"

ನೀಲಗಂಗಮ್ಮ ಗೋಡೆಯ ಕಡೆ ನೋಡಿದಳು. ಈ ಕಡೆಯಿಂದ ಅದನ್ನು ನೋಡಿ ಎಷ್ಟೋ ದಿನವಾಗಿತ್ತು. ಮೇಲಿನ ಸಂದು ಈ ಕಡೆಯಿಂದ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

"ವಾಂತಿ ಮಾಡಿಕೊಳ್ಳೋದು ಕೇಳಸ್ತಿತ್ತೇನು?"

ಮೇಷ್ಟ್ರು ತಟ್ಟೆ ನೋಡಿಕೊಂಡು, "ಕೇಳಸ್ತಿತ್ರಿ," ಎಂದರು.

ಟವೆಲ್ ಕಚ್ಚಿ ಕಚ್ಚಿ ಅವಳ ವಸಡು ಒಡೆದಿದ್ದವು. ಬೂದಿ ಹಾಕಿಸಿದ್ದಳು. ಉಸಿರು ಕಟ್ಟಿ ಕಣ್ಣು ಕತ್ತಲೆಗಟ್ಟುವವರೆಗೆ ತಡೆದಿದ್ದಳು. ಇವರೆಲ್ಲ ಅಷ್ಟನ್ನೂ ಕೇಳಿಸಿಕೊಂಡು, ಕೇಳಿಸಲಿಲ್ಲವೆಂಬಂತೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದರು. ಅಸಹ್ಯಪಟ್ಟು ಎದ್ದುಹೋಗಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ಇವರು ಮರ್ಯಾದಸ್ಥರು. ಅಯ್ನೋರ ಮಾನ ಕಾಯಲು ಹದಿನೆಂಟು ದಿನ ಬಾಯಿ ಮುಚ್ಚಿಕೊಂಡು ಉಂಡಿದ್ದರು.

ಅವಳು ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದಳು. ಹುಣ್ಣಿಗೆ ತಾಗಿ ಉರಿಯಿತು. ನಾಗಲಿಂಗಮ್ಮನ ರೊಟ್ಟಿ ದಪ್ಪ ಎಂಬುದು ನಾಲಿಗೆಯ ರುಚಿ ಕೆಟ್ಟಿದ್ದರೂ ತಿಳಿಯಿತು. ತಿಂದು, ಕೈ ತೊಳೆದು, ಕೋಣೆಗೆ ಹೋಗಿ ಮಲಗಿದಳು.

ವೀರಭದ್ರಯ್ಯ ಬರುವ ಹೊತ್ತಿಗೆ ನಾಲ್ಕಾಗಿತ್ತು. ಬಾಗಿಲಲ್ಲೇ ನಿಂತು, ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದೆ ಎಂದ. ನೀವು ಹೇಳಿದ್ದು ಸುಳ್ಳೇ ಅಲ್ಲವೇ ಎಂದಳು. ಅವನು ಹೊಸ್ತಿಲ ಮೇಲೆ ಕೂತು, ಅವಳ ಮುಖ ನೋಡದೆ ಹೇಳಿದ.

"ಹೇಳಿಕೊಂತ ಹೇಳಿಕೊಂತ ನನಗೂ ಹಂಗ ಅನಸಾಕ ಹತ್ತಿತ್ತು. ನೀನು ಖರೇನ ತವರಿಗೆ ಹೋಗಿ, ನಾಳಿ ನಾಡಿದ್ದು ಬರ್ತಿ ಅಂತ. ಹಂಗ ಅನಕೊಂಡ್ರ ಕೈ ನಡುಗಲಾರದಂಗ ನೀಡಾಕ ಬರ್ತಿತ್ತು."

ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಐಸು ಹಿಡಿದ ಬೆರಳು ಹೇಗೆ ನಡುಗುತ್ತಿದ್ದವು ಎಂದು ಅವಳು ನೋಡಿದ್ದಳು. ಆದರೂ ಮನಸ್ಸು ಕರಗಲಿಲ್ಲ. ಅವನಿಗೆ ಹೆದರಿಕೆಯಾದಾಗ ಅವಳನ್ನು ಇಲ್ಲದ ಊರಿಗೆ ಕಳಿಸಿ ಹಗುರಾದ. ಅವಳಿಗೆ ಹೆದರಿಕೆಯಾದಾಗ ಹೋಗಲು ಇದ್ದದ್ದು ಆ ಗೋಡೆಯ ಪಕ್ಕದ ಹಾಸಿಗೆ ಮಾತ್ರ.

"ನಿಮಗ ಹಗುರಾತು. ನನಗ?" ಎಂದಳು.

ಅವನು ಎದ್ದು ಸಂಜೆಯ ಊಟಕ್ಕೆ ಕಟ್ಟಿಗೆ ಒಡೆಯಲು ಹೋದ.

ಮರುದಿನದಿಂದ ಮೌನ ಒಡೆಯಿತು, ಒಡೆದದ್ದೂ ಬೇರೆ ರೀತಿಯಲ್ಲಿ. ಉಂಡು ಕೈ ತೊಳೆದವರು ಕೋಣೆಯ ಬಾಗಿಲಿಗೆ ಬಂದು ನಿಲ್ಲತೊಡಗಿದರು. ಒಬ್ಬ ಯಾವುದೋ ಬೇರಿನ ಪುಡಿ ತಂದುಕೊಟ್ಟ. ಇನ್ನೊಬ್ಬ ತನ್ನ ಚಿಕ್ಕಮ್ಮನಿಗೂ ಇದೇ ಜಡ್ಡು ಆಗಿತ್ತೆಂದು ಹೇಳಿ, ಆಮೇಲೆ ಏನಾಯಿತು ಎಂದು ನೀಲಗಂಗಮ್ಮ ಕೇಳಿದಾಗ ತೊದಲಿ ಹೊರಟುಹೋದ. ಹಿಂದಿನ ಜನ್ಮದ್ದು ಯಾರನ್ನು ಬಿಟ್ಟಿದೆ ಎಂದಳು ಪಕ್ಕದ ಮನೆಯಾಕೆ, ಹೊಸ್ತಿಲು ದಾಟದೆ. ಓಬಮ್ಮ ಒಬ್ಬಳೇ ಏನೂ ಹೇಳದೆ ಬಕೆಟ್ಟಿಗೆ ಬೂದಿ ಹಾಕಿಟ್ಟು ಹೋಗುತ್ತಿದ್ದಳು. ಇನ್ನು ಸದ್ದಾದರೂ ಚಿಂತೆಯಿಲ್ಲ ಎಂದರೂ ಕೇಳಲಿಲ್ಲ. ಮೇಷ್ಟ್ರು ಮಾತ್ರ ಎರಡು ದಿನ ಊಟಕ್ಕೆ ಬರಲಿಲ್ಲ. ಮೂರನೆಯ ದಿನ ಬಂದರು, ಗೋಡೆಯಿಂದ ದೂರದ ಬೆಂಚಿನಲ್ಲಿ ಕೂತು ಉಂಡರು.

ಇಪ್ಪತ್ತೆರಡನೆಯ ದಿನ ಗಂಡಹೆಂಡತಿ ಎರಡನೆಯ ಔಷಧಿಗೆ ದಾವಣಗೆರೆಯ ಬಸ್ಸು ಹತ್ತಿದರು. ಮೂವರು ಕೂರುವ ಸೀಟಿನಲ್ಲಿ ವೀರಭದ್ರಯ್ಯ ಕಿಟಕಿಯ ಪಕ್ಕ, ಅವಳು ನಡುವೆ. ನೀಲಗಂಗಮ್ಮ ತಲೆಗೆ ಹತ್ತಿಯ ವಸ್ತ್ರ ಕಟ್ಟಿಕೊಂಡಿದ್ದಳು. ಹುಬ್ಬೂ ತೆಳ್ಳಗಾಗಿತ್ತು. ಕೊಟ್ಟೂರಿನಲ್ಲಿ ಒಬ್ಬ ಹೆಂಗಸು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹತ್ತಿ, ಅದೇ ಸೀಟಿನ ತುದಿಗೆ ಕೂತು, ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಮಾತುಗಾತಿ. ಊರು ದಾಟುವುದರೊಳಗೆ ತನ್ನ ಅಕ್ಕನ ಮನೆಯ ಸುದ್ದಿಯೆಲ್ಲ ಹೇಳಿ, ನೀವು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದಳು.

ವೀರಭದ್ರಯ್ಯ ಬಾಯಿ ತೆರೆದ. ತೆರೆದು, ಹೆಂಡತಿಯ ಮುಖ ನೋಡಿ, ಮುಚ್ಚಿಕೊಂಡ.

"ದಾವಣಗೆರಿ ಆಸ್ಪತ್ರಿಗೆ," ಎಂದಳು ನೀಲಗಂಗಮ್ಮ. "ಮೊಲಿ ಕ್ಯಾನ್ಸರ್ ಆಗೈತಿ. ಔಷಧಿ ಏರಿಸಿಕೊಳ್ಳಾಕ ಹೊಂಟೀವಿ."

ಹೆಂಗಸು ಅಯ್ಯೋ ಪಾಪ ಎಂದಳು. ಮನಸಾರೆಯೇ ಅಂದಿರಬೇಕು, ಕಣ್ಣಲ್ಲಿ ನೀರೂ ಬಂದಿತ್ತು. ಮಗು ನೀಲಗಂಗಮ್ಮನ ಬಳೆ ಹಿಡಿದು ಆಡುತ್ತಿತ್ತು; ತಾಯಿ ಆ ಪುಟ್ಟ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವಳು ಇಳಿಯಬೇಕಿದ್ದ ಹರಪನಹಳ್ಳಿ ಇನ್ನೂ ದೂರವಿತ್ತು. ಮಗುವಿಗೆ ಇಲ್ಲಿ ಬಿಸಿಲು ಬಡಿಯುತ್ತದೆ ಎಂದು ಹೇಳಿ ಎದ್ದು, ಮುಂದೆ ಡ್ರೈವರನ ಹಿಂದೆ ಕಂಬಿ ಹಿಡಿದು ನಿಂತಳು. ಅಲ್ಲೂ ಅಷ್ಟೇ ಬಿಸಿಲಿತ್ತು.

ವೀರಭದ್ರಯ್ಯ ಹೆಂಡತಿಯ ಕಡೆ ತಿರುಗಿದ. ನೋಡಿದೆಯಾ ಎಂದು ಅವನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಅವನು ಹೆದರಿದ್ದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಾಗಿತ್ತು, ಗೊತ್ತಾದದ್ದರಿಂದ ಏನೂ ಕಡಿಮೆಯಾಗಲಿಲ್ಲ. ಖಾಲಿಯಾದ ಜಾಗಕ್ಕೆ ಫ್ಲಾಸ್ಕಿನ ಚೀಲ ಇಟ್ಟು, ಅದರ ಮೇಲೆ, ಆಪರೇಷನ್ ಆದಾಗಿನಿಂದ ಬಾತಿದ್ದ ಬಲಗೈಯನ್ನು ಉದ್ದಕ್ಕೆ ಚಾಚಿದಳು. ಹಾಗೆ ಚಾಚಿಕೊಂಡರೆ ಕಂಕುಳಿಗೆ ಹಾಯೆನಿಸುತ್ತಿತ್ತು. ದಾವಣಗೆರೆಯವರೆಗೆ ಆ ಜಾಗದಲ್ಲಿ ಯಾರೂ ಕೂರಲಿಲ್ಲ.